ಅರಿಸಿನ ಹಚ್ಚಿದ ಜರ್ಮನ್ ಕಾಗದ

ಯುದ್ಧ ಮುಗಿದ ಮರುವರ್ಷ ಕುಂದಾಣದ ನಮ್ಮ ಮನೆಗೆ ಜರ್ಮನಿಯಿಂದ ಒಂದು ಕಾಗದ ಬಂತು. ಯುದ್ಧಕ್ಕೆ ಮುಂಚೆ ಯಂತ್ರವಿದ್ಯೆ ಕಲಿಯಲು ಅಲ್ಲಿಗೆ ಹೋದ ಅಣ್ಣನ ಸುದ್ದಿ ಆರೇಳು ವರ್ಷದಿಂದ ಇರಲಿಲ್ಲ. ಅಕ್ಷರ ಅಣ್ಣನದಲ್ಲ, ಭಾಷೆ ಜರ್ಮನ್. ಆದರೂ ಅವ್ವ ಅದನ್ನು ಕಣ್ಣಿಗೊತ್ತಿಕೊಂಡು, ಮದುವೆ ಕಾಗದಕ್ಕೆ ಹಚ್ಚುವಂತೆ ನಾಲ್ಕು ಮೂಲೆಗೂ ಅರಿಸಿನ ಹಚ್ಚಿ ದೇವರ ಗೂಡಿನಲ್ಲಿಟ್ಟಳು.

ಬೆಂಗಳೂರಿಗೆ ಹೋಗಿ ಬಲ್ಲವರಿಂದ ಓದಿಸಬಹುದಿತ್ತು. ನನ್ನ ಜಂಬ ಬಿಡಲಿಲ್ಲ. ದೇವನಹಳ್ಳಿಯ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು ನಾನು. "ಇಂಗ್ಲಿಷೂ ಜರ್ಮನ್ನೂ ಅಕ್ಕ-ತಂಗೀರು ಕಣವ್ವ, ಒಂದ್ ತಿಂಗ್ಳಲ್ಲಿ ನಾನೇ ಓದ್ಬಿಡ್ತೀನಿ" ಅಂದೆ. ಇಂಗ್ಲಿಷ್ ಬಲ್ಲವರಿಗೆಂದು ಬರೆದ ಹಳೆಯ ಜರ್ಮನ್ ವ್ಯಾಕರಣವನ್ನೂ ಒಂದು ನಿಘಂಟನ್ನೂ ಅದೇ ಬೆಂಗಳೂರಿನಿಂದ ತಂದೆ.

ಅಕ್ಕ-ತಂಗಿಯರಿಗೆ ಮಾತುಕತೆಯೇ ಇದ್ದಂತಿರಲಿಲ್ಲ. ಚಮಚ ಗಂಡಂತೆ, ಮುಳ್ಳುಚಮಚ ಹೆಣ್ಣಂತೆ, ಓಡಾಡುವ ಹುಡುಗಿ ಮಾತ್ರ ನಪುಂಸಕವಂತೆ! ಕ್ರಿಯಾಪದ ಎಷ್ಟೋ ಸಲ ವಾಕ್ಯದ ತುದಿಗೆ ಹೋಗಿ ಕೂರುತ್ತಿತ್ತು. ಕನ್ನಡದಲ್ಲೂ ಹಾಗೇ, ಆದರೆ ಇಂಗ್ಲಿಷಿಗೆ ಒಗ್ಗಿದ ನನ್ನ ತಲೆ ಅದನ್ನು ನಡುವೆ ಹುಡುಕುತ್ತಿತ್ತು. ಕಾಗದದ ಕೈಬರಹವೋ, ಅಚ್ಚಿನ ಅಕ್ಷರಕ್ಕೂ ಅದಕ್ಕೂ ಸಂಬಂಧವಿಲ್ಲ. ಅರ್ಧಂಬರ್ಧ ಓದಿ ಅವ್ವನಿಗೆ ತಪ್ಪು ಹೇಳಬಾರದೆಂದು ಪೂರ್ತಿ ಕಲಿಯುವ ಹಟ ಹಿಡಿದೆ. ಅವಳು ದಿನಾ ಗೂಡಿಗೆ ದೀಪ ಹಚ್ಚಿ, "ಎಲ್ಲೀಗ್ ಬಂತ್ಲಾ ಮಗಾ?" ಅನ್ನುವಳು.

"ಲಿಂಗ ಮುಗೀತು, ವಿಭಕ್ತಿ ಉಳ್ದದೆ" ಅನ್ನುವೆ. ಅವಳಿಗೆ ನಗು.

ಐದನೆಯ ತಿಂಗಳು ಕಾಗದ ಬಿಡಿಸಿ ಕೂತೆ. ಬರೆದವಳು ಅಣ್ಣ ಬಾಡಿಗೆಗಿದ್ದ ಮನೆಯ ಮುದುಕಿ. ಯುದ್ಧದ ನಡುವೆ ಒಂದು ಚಳಿಗಾಲದಲ್ಲಿ ಜ್ವರ ಬಂದು ಅಣ್ಣ ತೀರಿಕೊಂಡಿದ್ದ. ಪಕ್ಕದಲ್ಲಿ ಕೂತು ನೀರು ಕುಡಿಸಿದವಳು ಅವಳೇ. ಮೂರು ಸಲ ನಿಘಂಟು ನೋಡಿದೆ. ನಾನು ಕಲಿತದ್ದೆಲ್ಲ ತಪ್ಪಾಗಿರಲಿ ಎಂದು ದೇವರನ್ನು ಬೇಡಿಕೊಂಡೆ.

ಹೇಳಿದಾಗ ಅವ್ವ ಮೊದಲು ಗೂಡಿನ ಕಡೆ ನೋಡಿದಳು. "ಸಾವಿನ್ ಕಾಗ್ದಕ್ಕೆ ಅರಿಸ್ನ ಹಚ್ಚಿ ದೀಪ ಇಟ್ನಲ್ಲೋ" ಎಂದು ಎದೆ ಬಡಿದುಕೊಂಡು ಅತ್ತಳು. ಐದು ತಿಂಗಳು ಅವಳಿಂದ ಆ ತಪ್ಪು ಮಾಡಿಸಿದವನು ನಾನು. ಸಾವಿನ ಕಾಗದವನ್ನು ಓದಿದ ಕೂಡಲೇ ಹರಿದುಹಾಕುವುದು ನಮ್ಮ ಪದ್ಧತಿ. ಹರಿಯಲು ಹೋದೆ, ಅವಳು ಕೈ ಹಿಡಿದಳು.

"ತಾಳ್ಲಾ. ಅವ್ರ ಮಾತ್ನಾಗೇ ಒಂದ್ಸಲ ಓದು. ನನ್ ಮಗನ್ ಕಿವಿಗೆ ಕೊನೇಗ್ ಬಿದ್ದಿದ್ದು ಆ ಮಾತೇ ಅಲ್ವಾ?"

ಓದಿದೆ. ಉಚ್ಚಾರ ಸರಿಯೋ ತಪ್ಪೋ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಮುಗಿದ ಮೇಲೆ ಅವ್ವ ತಾನೇ ಕಾಗದವನ್ನು ಹರಿದು, ತಲೆಗೆ ನೀರು ಹಾಕಿಕೊಳ್ಳಲು ಬಚ್ಚಲಿಗೆ ಹೋದಳು.