ಹೆಬ್ಬಾಳದ ಮೂರನೇ ಮಹಡಿಯ ಕಿವಿ ಪರೀಕ್ಷೆ

ಮೂರು ವರ್ಷದ ಹಿಂದೆ ನಾನು ಯಲಹಂಕದ ಒಂದು ಸಣ್ಣ ಕೀಬೋರ್ಡ್ ಕಂಪನಿಯಲ್ಲಿ ಸ್ವಿಚ್ ಇವ್ಯಾಲ್ಯುಯೇಟರ್ ಆಗಿದ್ದೆ. ಈಗಲೂ ಅದೇ ಹುದ್ದೆ. ಹೆಸರು ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಗೋಡೆಯ ಮೇಲಿನ ಲೈಟ್ ಸ್ವಿಚ್ಚೇ ಎಂದು ಕೇಳುತ್ತಾರೆ. ಅಲ್ಲ. ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಲಿಯ ಕೆಳಗೂ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಅದರೊಳಗೆ ಒಂದು ಸ್ಪ್ರಿಂಗ್, ಮೇಲೆ ಕೆಳಗೆ ಓಡಾಡುವ ಒಂದು ಕಡ್ಡಿ, ತಗುಲಿದಾಗ ಅಕ್ಷರ ಕಳಿಸುವ ಒಂದು ತೆಳು ತಗಡು. ಅದೇ ಸ್ವಿಚ್. ಅದನ್ನು ಒತ್ತಿದರೆ ಬೆರಳಿಗೆ ಏನನ್ನಿಸುತ್ತದೆ, ಕಿವಿಗೆ ಏನು ಕೇಳಿಸುತ್ತದೆ ಎಂದು ತೂಗಿ ಹೇಳುವುದು ನನ್ನ ಕೆಲಸ.

ಈ ಕ್ಷೇತ್ರದಲ್ಲಿ ಬುರುಡೆ ಬಹಳ. ಒಬ್ಬ ಒಂದು ಸ್ವಿಚ್ಚಿನ ಸದ್ದು ಬೆಣ್ಣೆಯಂತಿದೆ ಎನ್ನುತ್ತಾನೆ, ಇನ್ನೊಬ್ಬ ಅದನ್ನೇ ಮಳೆಹನಿ ಎನ್ನುತ್ತಾನೆ. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಯಾರೇ ಏನೇ ಹೇಳಿದರೂ ಪುರಾವೆ ಕೇಳುವುದು ಚಟವಾಗಿಬಿಟ್ಟಿದೆ. ಹೀಗಾಗಿ ನನ್ನ ವಿಧಾನ ಒಂದೇ: ಬ್ಲೈಂಡ್ ಟೆಸ್ಟ್. ಯಾವ ಸ್ವಿಚ್ ಎಂದು ಹೇಳದೆ, ತೋರಿಸದೆ, ಬರೀ ಸದ್ದು ಕೇಳಿಸಿ ಗುರುತಿಸಲು ಹೇಳುವುದು. ಬೆಣ್ಣೆ ಎಂದವರಲ್ಲಿ ಹೆಚ್ಚಿನವರು ಅಗ್ಗದ ಸ್ವಿಚ್ಚಿಗೇ ಬೆಣ್ಣೆ ಎಂದು ಬೆರಳು ತೋರಿಸುತ್ತಾರೆ. ಆ ಕ್ಷಣದಲ್ಲಿ ಅವರ ಮುಖ ನೋಡುವುದು ನನಗೆ ಇಷ್ಟ. ಇಲ್ಲವೆಂದು ಸುಳ್ಳು ಹೇಳಿ ಪ್ರಯೋಜನವಿಲ್ಲ.

ಆ ವರ್ಷ ಹೆಬ್ಬಾಳದಿಂದ ಒಂದು ಕರೆ ಬಂತು. ಫ್ಲೈಓವರಿನ ಹಿಂಬದಿಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಒಂದು ಚಾಟ್ ಸಪೋರ್ಟ್ ಕಚೇರಿ. ನಲವತ್ತು ಜನ ಕೂತು, ಯಾವಯಾವುದೋ ಕಂಪನಿಗಳ ಗ್ರಾಹಕರ ದೂರುಗಳಿಗೆ ಟೈಪ್ ಮಾಡಿ ಉತ್ತರ ಕೊಡುವ ಜಾಗ. ಕಟ್ಟಡವೂ ಕಚೇರಿಯೂ ಮುನಿರಾಜು ಎಂಬುವವರದು. ಆ ಜಾಗದಲ್ಲಿ ಹಿಂದೆ ಅವರ ಮನೆಯವರ ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕುವ ಮನೆ ಇದ್ದವಂತೆ. ಎಲ್ಲ ಕೀಬೋರ್ಡ್ ಬದಲಾಯಿಸಬೇಕು, ಸ್ಯಾಂಪಲ್ ತನ್ನಿ ಎಂದಿದ್ದರು. ನಾನು ಏಳು ಬಗೆಯ ಸ್ವಿಚ್ ಹಾಕಿದ ಏಳು ಬೋರ್ಡ್ ಹೊತ್ತುಕೊಂಡು ಹೋದೆ. ಬೆರಳಿಗೆ ಯಾವುದು ಹಗುರ, ದಿನವಿಡೀ ಒತ್ತಿದರೆ ಮಣಿಕಟ್ಟಿಗೆ ಯಾವುದು ಒಳ್ಳೆಯದು ಎಂದು ವಿವರಿಸಲು ಶುರು ಮಾಡಿದೆ.

ಅವರು ಕೈ ಅಡ್ಡ ಹಿಡಿದರು. "ಅದೆಲ್ಲ ಇರ್ಲಿ ಕಣಮ್ಮ. ಎಲ್ಲಕ್ಕಿಂತ ಜೋರಾಗಿ ಸದ್ದು ಮಾಡೋದು ಯಾವ್ದು?"

ಇಂಥ ಪ್ರಶ್ನೆಯನ್ನು ನನಗೆ ಯಾವ ಕಚೇರಿಯವರೂ ಕೇಳಿರಲಿಲ್ಲ. ಎಲ್ಲರಿಗೂ ಬೇಕಾಗುವುದು ಸದ್ದಡಗಿದ ಸ್ವಿಚ್. ಯಾಕೆ ಸರ್ ಎಂದೆ.

"ನಮ್ಮಪ್ಪ ಉಳ ಮೇಯ್ಸೋನು. ನಾಕ್ನೇ ಜ್ವರ, ಅಂದ್ರೆ ನಾಕ್ನೇ ಸಲ ಪೊರೆ ಬಿಟ್ಟು ಎದ್ದ ಮ್ಯಾಲೆ ಉಳ ಸೊಪ್ಪು ತಿನ್ನೋದು ಇಡೀ ಮನೆಗೆ ಕೇಳ್ಸೋದು. ಕತ್ಲಾಗೆ ಬಾಗ್ಲಲ್ಲಿ ನಿಂತ್ಕಂಡು ಯೋಳೋನು, ಆ ತಟ್ಟೆ ಸರಿಯಾಗದೆ, ಈ ತಟ್ಟೆ ಸಪ್ಪೆ ಅಂತ. ಸಪ್ಪೆ ತಟ್ಟೆ ಎತ್ತಿ ಗುಂಡಿಗೆ ಸುರಿಯೋದೇ. ನಾನೂ ಅಂಗೇ. ಇಲ್ಲಿ ಕುಂತ್ಕಂಡು ಕಣ್ಮುಚ್ಚಿದ್ರೆ ಸಾಕು, ಯಾರು ಗೇಯ್ತಾವ್ರೆ, ಯಾರು ಇಲ್ಲ, ಎಲ್ಲಾ ಗೊತ್ತಾಗೋಯ್ತದೆ."

ಅವರ ಗಾಜಿನ ಕ್ಯಾಬಿನ್ ಮಹಡಿಯ ನಡುಮಧ್ಯೆ ಇತ್ತು, ಬಾಗಿಲು ಸದಾ ತೆರೆದಿರುತ್ತಿತ್ತು. ಯಾರು ಎಷ್ಟು ಉತ್ತರ ಬರೆದರು ಎಂದು ಕಂಪ್ಯೂಟರೇ ಹೇಳುತ್ತದಲ್ಲ ಎಂದೆ. "ಕಂಪ್ಯೂಟರ್ ಲೆಕ್ಕನ ಉಡುಗ್ರು ತಿದ್ತಾರೆ. ನನ್ ಕಿವಿನ ಯಾವನ್ ತಿದ್ತಾನೆ?" ಎಂದು ನಕ್ಕರು. ನಗುತ್ತಲೇ ಕಿಟಕಿ ಬದಿಯ ಮೂಲೆಯತ್ತ ಗಲ್ಲ ಎತ್ತಿ ತೋರಿಸಿದರು. "ಆ ಮೂಲೆ ನೋಡು. ಆರ್ ತಿಂಗ್ಳು ಪ್ರೊಬೇಷನ್ ಈ ತಿಂಗ್ಳು ಮುಗೀತದೆ. ಒಂದಿನ ಸದ್ದಿಲ್ಲ. ಕಳಿಸ್ಬಿಡ್ತೀನಿ."

ಆ ಮೂಲೆಯಲ್ಲಿ ಕೂತಿದ್ದವಳು ಶಹನಾಜ್. ಅವಳ ಬೆರಳುಗಳನ್ನು ದೂರದಿಂದ ನೋಡಿದ ಕೂಡಲೇ ನನಗೆ ವಿಷಯ ಅರ್ಥವಾಯಿತು. ಕೀಲಿ ಪೂರ್ತಿ ಇಳಿದು ತಳ ತಟ್ಟುವ ದೂರ ಸುಮಾರು ನಾಲ್ಕು ಮಿಲಿಮೀಟರ್. ಆದರೆ ಅಲ್ಲಿನ ಹಳೆಯ ಬೋರ್ಡುಗಳಲ್ಲೂ ಇದ್ದಂಥ ಮೆಕ್ಯಾನಿಕಲ್ ಸ್ವಿಚ್ಚಿನಲ್ಲಿ ಅರ್ಧ ದಾರಿಗೇ ಅಕ್ಷರ ದಾಖಲಾಗುತ್ತದೆ. ಉಳಿದರ್ಧ ದೂರ ಬೆರಳು ಸುಮ್ಮನೆ ಗುದ್ದುವುದು, ಸದ್ದಿನ ಬಹುಪಾಲು ಹುಟ್ಟುವುದು ಆ ಗುದ್ದಿನಲ್ಲಿ. ಶಹನಾಜ್ ತಳ ತಟ್ಟುತ್ತಲೇ ಇರಲಿಲ್ಲ. ನಮ್ಮ ಕಸುಬಿನಲ್ಲಿ ಇಂಥ ಬೆರಳು ಸಿಗುವುದು ಅಪರೂಪ.

ಮಧ್ಯಾಹ್ನ ಟೀ ಹೊತ್ತಿನಲ್ಲಿ ಮಾತಾಡಿಸಿದೆ. ಆರ್.ಟಿ. ನಗರದಲ್ಲಿ ಒಂದೇ ಕೋಣೆಯ ಮನೆ. "ಅಬ್ಬಾಗೆ ನೈಟ್ ಡ್ಯೂಟಿ ಮೇಡಂ, ಹಗಲೆಲ್ಲ ನನ್ ಪಕ್ಕದಲ್ಲೇ ಮಲಗಿರ್ತಿದ್ರು. ಅವ್ರು ಎದ್ದೇಳ್ದೆ ಇರೋ ಹಂಗೆ ಟೈಪಿಂಗ್ ಕಲ್ತಿದ್ದು. ಈಗ ಜೋರಾಗಿ ಹೊಡಿ ಅಂದ್ರೆ ಕೈ ಕೇಳಲ್ಲ, ತಪ್ಪಾಗುತ್ತೆ."

ಪಕ್ಕದಲ್ಲಿದ್ದ ಕಿರಣ್ ಬಾಯಿ ಹಾಕಿದ. ಆ ಮಹಡಿಯ ಅತಿ ದೊಡ್ಡ ಸದ್ದು ಅವನದೇ. "ನನ್ ಹತ್ರ ಟ್ಯೂಷನ್ ತಗೋ ಅಂತ ಹೇಳ್ದೆ ಮೇಡಂ. ನಾನು ಟೈಪ್ ಮಾಡಲ್ಲ, ತಮಟೆ ಹೊಡೀತೀನಿ. ಸಾಹೇಬ್ರು ಫುಲ್ ಖುಷ್."

"ನೀನು ಇಡೀ ದಿನ ಬ್ಯಾಕ್‌ಸ್ಪೇಸೇ ಹೊಡೀತೀಯ ಕಣೋ" ಎಂದಳು ಶಹನಾಜ್.

"ಅದೂ ಸದ್ದೇ ಅಲ್ವಾ ಗುರು!"

ಕಿರಣ್ ಎದ್ದುಹೋದ ಮೇಲೆ ಅವಳು ನನ್ನ ಚೀಲದ ಕಡೆ ನೋಡಿದಳು. ಬೆಳಗ್ಗೆ ಸ್ಯಾಂಪಲ್ ಒತ್ತಿ ನೋಡಿದವರಲ್ಲಿ ಅವಳೂ ಒಬ್ಬಳು. "ಆ ನೀಲಿ ಕಡ್ಡಿದು, ಟಿಕ್ ಟಿಕ್ ಅನ್ನುತ್ತಲ್ಲ, ಅದು ಮೆತ್ತಗೆ ಒತ್ತಿದ್ರೂ ಸದ್ದು ಮಾಡುತ್ತೆ. ಒಂದು ನನಗೆ ಕೊಡ್ತೀರಾ ಮೇಡಂ? ಟ್ರಯಲ್ ಅಂತ ಹೇಳಿ."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಅದಕ್ಕೆ ಕ್ಲಿಕಿ ಸ್ವಿಚ್ ಎನ್ನುತ್ತೇವೆ. ಕಡ್ಡಿ ಅರ್ಧ ಇಳಿಯುತ್ತಿದ್ದಂತೆ ಒಳಗಿನ ಒಂದು ತುಣುಕು ಜಿಗಿದು ಟಿಕ್ ಎನ್ನುತ್ತದೆ, ತಳ ತಟ್ಟಬೇಕಾಗಿಲ್ಲ. ಅವಳ ಬೆರಳಿಗೂ ಮುನಿರಾಜು ಅವರ ಕಿವಿಗೂ ಅದೊಂದೇ ಸೇತುವೆ. ಅದು ನನ್ನ ಚೀಲದಲ್ಲೇ ಇತ್ತು.

ಕೊಡಲಿಲ್ಲ. "ನೀವ್ಯಾಕೆ ಸದ್ದು ಮಾಡ್ಬೇಕು? ತಪ್ಪು ಅವರದು. ಅದನ್ನ ಅವರ ಕಣ್ಣಿಗೇ ಪ್ರೂವ್ ಮಾಡಿ ತೋರಿಸ್ತೀನಿ" ಎಂದೆ.

"ನನಗೆ ನ್ಯಾಯ ಬೇಡ ಮೇಡಂ. ಸದ್ದು ಕೊಡಿ ಸಾಕು."

"ಹಾಗೆ ಒಪ್ಪಿಕೊಂಡ್ರೆ ಇಡೀ ಫ್ಲೋರ್‌ಗೆ ಅನ್ಯಾಯ ಅಲ್ವಾ?"

ಅವಳು ಟೀ ಲೋಟ ಕೆಳಗಿಟ್ಟಳು. "ನೀವು ಸೋತ್ರೆ ಇನ್ನೊಂದ್ ಕಡೆ ಹೋಗಿ ವಾದ ಮಾಡ್ತೀರ. ನಾನೆಲ್ಲಿ ಹೋಗ್ಲಿ?"

ನಾನು ಸೋಲುವುದಿಲ್ಲ ಎಂದೆ. ಆ ಮಾತು ನಿಜವೇ ಆಯಿತು.

ಪರೀಕ್ಷೆಗೆ ಮುನಿರಾಜು ಉತ್ಸಾಹದಿಂದ ಒಪ್ಪಿದರು. ನಿಯಮ ನನ್ನದು. ಕ್ಯಾಬಿನ್ನಿನ ಹೊರಗೆ ಒಂದು ಎತ್ತರದ ಪಾರ್ಟಿಷನ್, ಅದರ ಹಿಂದೆ ಮೂರು ಕುರ್ಚಿ, ಮೂರಕ್ಕೂ ಅಲ್ಲಿನದೇ ಹಳೆಯ, ಒಂದೇ ಬಗೆಯ ಕೀಬೋರ್ಡ್. ಮೂವರಿಗೂ ಒಂದೇ ಪುಟದ ಪಠ್ಯ, ಒಬ್ಬರಾದ ಮೇಲೆ ಒಬ್ಬರು, ತಲಾ ಐದು ನಿಮಿಷ. ಒಂದನೆಯ ಕುರ್ಚಿಯಲ್ಲಿ ಕಿರಣ್. ಮೂರನೆಯದರಲ್ಲಿ ಶಹನಾಜ್. ಎರಡನೆಯದರಲ್ಲಿ ನಾನು, ಅದು ಮುನಿರಾಜು ಅವರಿಗೆ ಗೊತ್ತಿರಲಿಲ್ಲ. ಅವರು ಬೆನ್ನು ತಿರುಗಿಸಿ ಕೂತು, ಯಾರು ಹೆಚ್ಚು ಕೆಲಸ ಮಾಡಿದರು ಎಂದು ಕಿವಿಯಿಂದಲೇ ಹೇಳಬೇಕು. ಉಳಿದವರೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು. ಅದಕ್ಕೂ ಅವರೇ ಅಪ್ಪಣೆ ಕೊಟ್ಟಿದ್ದರು. "ಬರ್ರಲಾ ಎಲ್ರೂ, ನೋಡ್ಕಳಿ ನಮ್ ಕಿವಿನ!"

ಕಿರಣ್ ತಮಟೆ ಹೊಡೆದ. ಆಮೇಲೆ ನಾನು. ಪಠ್ಯದ ಕಡೆ ನೋಡಲೇ ಇಲ್ಲ. ಐದು ನಿಮಿಷವೂ ಸ್ಪೇಸ್ ಬಾರನ್ನು ಗತ್ತಾಗಿ, ಲಯ ತಪ್ಪದಂತೆ ಗುದ್ದಿದೆ. ಸುತ್ತ ನಿಂತವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು. ಕೊನೆಗೆ ಶಹನಾಜ್. ಮೇಲಿನ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಮುನಿರಾಜು ತಿರುಗದೆಯೇ ತೀರ್ಪು ಕೊಟ್ಟರು. "ಎರಡ್ನೇದು ಪಸ್ಟ್ ಕ್ಲಾಸ್. ಒಂದೇ ಸಮ ಗೇಯ್ದವ್ನೆ. ಒಂದ್ನೇದೂ ಪರವಾಗಿಲ್ಲ. ಮೂರ್ನೇದು ಸತ್ತೋಗದೆ, ಎತ್ತಾಕಿ ಅತ್ಲಾಗೆ."

ನಾನು ಮೂರು ಪರದೆಗಳನ್ನೂ ಅವರ ಕಡೆ ತಿರುಗಿಸಿದೆ. ಕಿರಣನದರಲ್ಲಿ ಅರ್ಧ ಪುಟ, ಸಾಲು ಸಾಲಿಗೂ ತಪ್ಪು. ನನ್ನದರಲ್ಲಿ ಒಂದು ಅಕ್ಷರವೂ ಇಲ್ಲ, ಖಾಲಿ ಬಿಳಿ. ಶಹನಾಜಳದರಲ್ಲಿ ಇಡೀ ಪುಟ, ಕೊನೆಯ ಚುಕ್ಕೆಯವರೆಗೆ, ತಪ್ಪಿಲ್ಲದೆ. "ಫಸ್ಟ್ ಕ್ಲಾಸ್ ಅಂದ್ರಲ್ಲ ಸರ್, ಅದು ನಾನು. ಏನೂ ಬರೆದಿಲ್ಲ" ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. "ನಿಮ್ಮ ಕಿವಿಗೆ ಖಾಲಿ ಹಾಳೆಯೇ ಇಷ್ಟ ಅಂತ ಕಾಣುತ್ತೆ" ಎಂದು ಸೇರಿಸಿದೆ.

ಇಡೀ ಮಹಡಿ ನಕ್ಕಿತು. ಆರು ತಿಂಗಳು, ವರ್ಷ, ಎರಡು ವರ್ಷ ಆ ಕಿವಿಗೆ ಹೆದರಿ ಕೂತಿದ್ದವರು ಮೇಜು ಹಿಡಿದುಕೊಂಡು ನಕ್ಕರು. ಕಿರಣ್ ಶಿಳ್ಳೆ ಹಾಕಿದ. ಮುನಿರಾಜು ಅವರೂ ತೊಡೆ ತಟ್ಟಿಕೊಂಡು ನಕ್ಕು, ಎಲ್ಲರಿಗೂ ಬಾದಾಮಿ ಹಾಲು ತರಿಸಿದರು. ನಗದೆ ಇದ್ದವಳು ಶಹನಾಜ್ ಒಬ್ಬಳೇ. ಕುರ್ಚಿಯಿಂದ ಎದ್ದಿರಲೂ ಇಲ್ಲ.

ಅರ್ಧ ಗಂಟೆ ಬಿಟ್ಟು ನನ್ನನ್ನು ಕ್ಯಾಬಿನ್ನಿಗೆ ಕರೆದರು. ಮೊದಲ ಸಲ ಬಾಗಿಲು ಹಾಕಿದರು.

"ನೀನ್ ಗೆದ್ದೆ ಕಣಮ್ಮ. ಒಪ್ದೆ. ಕಿವಿ ನಂಬಂಗಿಲ್ಲ."

"ಹಾಗಾದ್ರೆ ಶಹನಾಜ್ ಕೆಲಸ ಪರ್ಮನೆಂಟ್ ತಾನೆ ಸರ್?"

"ಇಲ್ಲ. ಇವತ್ತೇ ಕಳಿಸ್ತಾ ಇವ್ನಿ."

ಕೇಳಿದ್ದು ಸರಿಯೇ ಎಂದು ಅನುಮಾನವಾಯಿತು. ನೀವೇ ಈಗ ಒಪ್ಪಿದಿರಿ, ಅವಳೇ ಎಲ್ಲರಿಗಿಂತ ಚೆನ್ನಾಗಿ ಮಾಡಿದಳು, ತರ್ಕವೇ ಇಲ್ಲವಲ್ಲ ಎಂದು ಒಂದೇ ಉಸಿರಿಗೆ ವಾದ ಹೂಡಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಧ್ವನಿ ಏರಿಸಲಿಲ್ಲ.

"ಆಯಮ್ಮನ ಕೆಲ್ಸದಾಗೆ ತಪ್ಪಿಲ್ಲ. ಆದ್ರೆ ಇನ್ಮ್ಯಾಕೆ ಆ ಮೂಲೇಲಿ ಸದ್ದಿಲ್ದೆ ಇದ್ದಾಗೆಲ್ಲ ನಂಗೆ ಇವತ್ತಿನ್ ನಗು ಕೇಳ್ಸ್ತದೆ. ನಲವತ್ ಜನದ್ದು. ದಿನಾ ಅದನ್ನ ಕೇಳ್ಕಂಡು ನಾನ್ ಇಲ್ಲಿ ಕುಂತಿರ್ಲಾ?" ಆಮೇಲೆ ನನ್ನ ಚೀಲದ ಕಡೆ ಕೈ ಮಾಡಿದರು. "ಆ ಟಿಕ್ ಟಿಕ್ ಅನ್ನೋದಿದ್ಯಲ್ಲ, ನಲವತ್ತು ಕಳ್ಸು."

"ಸದ್ದು ಸುಳ್ಳು ಅಂತ ಗೊತ್ತಾದ ಮೇಲೂ?"

"ಅದ್ಕೇ. ಸುಳ್ಳಾದ್ರೂ ಕಿವಿ ತುಂಬ್ಕಂಡಿರ್ಲಿ."

ಶಹನಾಜ್ ಸಂಜೆಯೇ ಹೊರಟಳು. ನಲವತ್ತು ಬೋರ್ಡುಗಳನ್ನು ಒಂದೊಂದಾಗಿ ಒತ್ತಿ, ಕೇಳಿ, ಸರಿಯಿದೆ ಎಂದು ಕಳಿಸಿದವಳು ನಾನೇ. ಕಂಪನಿಯಲ್ಲಿ ಅದನ್ನು ನನ್ನ ಮೊದಲ ದೊಡ್ಡ ಆರ್ಡರ್ ಎಂದು ಹೊಗಳಿದರು.

ವಾರದ ನಂತರ ಅವಳಿಗೆ ಫೋನ್ ಮಾಡಿದೆ. ಪರೀಕ್ಷೆಯ ವಿಧಾನದಲ್ಲಿ ಏನೂ ದೋಷವಿರಲಿಲ್ಲ, ಫಲಿತಾಂಶ ಅಷ್ಟು ಸ್ಪಷ್ಟವಾಗಿದ್ದರೂ ಅವರು ಹಾಗೆ ಮಾಡಿದ್ದು ಅನ್ಯಾಯ ಎಂದು ಶುರು ಮಾಡಿದೆ. ನನ್ನ ಮಾತು ಮುಗಿಯುವವರೆಗೂ ಅವಳು ಕಾದಳು.

"ನೀವು ಕರೆಕ್ಟ್ ಮೇಡಂ. ಇಡೀ ಫ್ಲೋರ್‌ಗೆ ಗೊತ್ತು, ಸಾಹೇಬ್ರಿಗೂ ಗೊತ್ತು, ನಾನೂ ಒಪ್ತೀನಿ. ಪಾರ್ಟಿಷನ್ ಹಿಂದೆ ಮೂರ್ ಜನ ಕೂತಿದ್ವಿ. ಕಿರಣ್ ಅಲ್ಲೇ ಇದಾನೆ, ನೀವು ನಿಮ್ಮಲ್ಲಿ ಇದೀರ. ಈಗ ಫೋನ್ ಇಡ್ಲಾ? ಅಬ್ಬಾ ಮಲಗಿದಾರೆ."

ಚರ್ಚಾಸ್ಪರ್ಧೆಯ ತೀರ್ಪುಗಾರರಿಗೆ ನಮ್ಮ ಮಾತಿನಿಂದ ಕಳೆದುಕೊಳ್ಳುವುದು ಏನೂ ಇರುವುದಿಲ್ಲ. ಅದಕ್ಕೇ ಅವರು ನ್ಯಾಯವಾಗಿ ಕೇಳಬಲ್ಲರು. ಮುನಿರಾಜು ಎದುರಾಳಿಯೂ ಹೌದು, ತೀರ್ಪುಗಾರರೂ ಹೌದು. ಅವರನ್ನು ಅವರದೇ ಜನರೆದುರು ಸೋಲಿಸಿ, ಅವರಿಂದಲೇ ತೀರ್ಪು ಬೇಡಿದೆ. ಬ್ಲೈಂಡ್ ಟೆಸ್ಟ್ ತಪ್ಪು ಎಂದು ನಾನು ಈಗಲೂ ಒಪ್ಪುವುದಿಲ್ಲ, ನಾಳೆಯೂ ಮಾಡುತ್ತೇನೆ. ಆದರೆ ಉತ್ತರ ಎಷ್ಟೇ ಸರಿಯಿದ್ದರೂ, ಅದನ್ನಿಟ್ಟುಕೊಂಡು ಏನು ಮಾಡಬೇಕೆಂದು ತೀರ್ಮಾನಿಸುವ ಕೈ, ಪರೀಕ್ಷೆ ಮಾಡಿದವರದಲ್ಲ.

ಈಗ ಯಾವ ಕಚೇರಿಗೆ ಹೋದರೂ ಹಣ ಕೊಡುವವರಿಗಿಂತ ಮೊದಲು ಕೀಲಿ ಒತ್ತುವವರ ಹತ್ತಿರ ಕೂರುತ್ತೇನೆ. ಅವರು ಒಂದು ಸ್ವಿಚ್ಚಿಗೆ ಬೆರಳಿಟ್ಟು ನನಗೆ ಇದು ಸಾಕು ಎಂದರೆ, ಅವರ ಕಾರಣ ನನಗೆ ಎಷ್ಟೇ ಸಿಟ್ಟು ತರಿಸಿದರೂ, ಮೊದಲು ಅದನ್ನು ಹಾಕಿಕೊಡುತ್ತೇನೆ. ವಾದ ಆಮೇಲೆ, ಅವರ ಕುರ್ಚಿ ಭದ್ರವಾದ ಮೇಲೆ. ಅದೂ ಅವರು ಮಾಡಿ ಎಂದರೆ ಮಾತ್ರ.