ತಪ್ಪಿದ ಕಂಬಕ್ಕೆ ಮರಳಿ ಹತ್ತಿದವಳು

ಮೊನ್ನೆ ಯಾರದೋ ಅಂಗಿಯ ಜೇಬಿನಲ್ಲಿ ಉಳಿದಿದ್ದ ಮೇಣದಬತ್ತಿಯ ಚೂರು ನನ್ನ ಇಸ್ತ್ರಿಪೆಟ್ಟಿಗೆಯ ಕೆಳಗೆ ಕರಗಿತು. ಅಂಗಡಿ ತುಂಬ ಕಾದ ಮೇಣದ ವಾಸನೆ. ಅಂಗಿ ಕೆಟ್ಟಿತಲ್ಲ ಎಂದು ಬೇಸರಪಡುವ ಮೊದಲೇ ಎದುರುಮನೆಯ ಫೌಜಿಯ ಮಗಳು ಕಣ್ಣ ಮುಂದೆ ಬಂದು ನಿಂತಳು...

ಶಹಾಬಾದಿನಲ್ಲಿ ನಾನು ಈ ಅಂಗಡಿ ತೆರೆದ ಹೊಸತು. ಅವಳು ಬಂದು, "ಅಕ್ಕಾ, ನಿಂದೊಂದು ಹಳೀ ಇಸ್ತ್ರಿಪೆಟ್ಟಿಗಿ ಇದ್ರ ಕೊಡು" ಎಂದಳು.

"ಯಾಕ, ಅರಬಿ ನೀನೇ ತಿಕ್ಕೋತಿ ಏನು?"

"ಅರಬಿಗಲ್ಲಕ್ಕಾ, ನನ್ನ ಹಲಗಿಗಿ ಮೇಣ ಹಚ್ಚಬೇಕು."

ಹಲಗೆ ಎಂದರೆ ಹಿಮದ ಇಳಿಜಾರಿನಲ್ಲಿ ಜಾರಲು ಕಾಲಿಗೆ ಕಟ್ಟಿಕೊಳ್ಳುವ ಸ್ಕೀ. ಸರಾಗವಾಗಿ ಜಾರಲೆಂದು ಅದರ ಅಡಿಗೆ ಇಸ್ತ್ರಿಪೆಟ್ಟಿಗೆಯಿಂದ ಮೇಣ ಕರಗಿಸಿ ಹಚ್ಚುತ್ತಾರಂತೆ. ಅವಳ ಅಪ್ಪ ಸೈನ್ಯದಲ್ಲಿದ್ದವರು. ಹಿಮಾಲಯದ ಕಡೆ ಅವರಿಗೆ ವರ್ಗವಾಗಿದ್ದಾಗ ಮಗಳು ಅಲ್ಲಿಯ ಮಕ್ಕಳೊಂದಿಗೆ ಜಾರಲು ಕಲಿತು, ಪಂದ್ಯಕ್ಕಿಳಿದು, ಅದನ್ನೇ ವೃತ್ತಿ ಮಾಡಿಕೊಂಡಿದ್ದಳು. ಚಳಿಗಾಲ ಬಂತೆಂದರೆ ವಾಡಿಯಲ್ಲಿ ರೈಲು ಹತ್ತುವಳು. ಮೊದಲು ಹಿಮಾಲಯ, ಆಮೇಲೆ ಯುರೋಪು. ಬೇಸಿಗೆಗೆ ಮನೆಗೆ ಬರುವಾಗ ಹಿಮದ ಬಿಸಿಲಿಗೆ ಮುಖ ಸುಟ್ಟಿರುತ್ತಿತ್ತು. "ಬರ್ಫದಾಗ ಹೋಗಿ ಕರ್ರಗಾಗಿ ಬಂದಾಳ ನೋಡ್ರಿ" ಎಂದು ಓಣಿಯ ಹೆಂಗಸರು ನಗುತ್ತಿದ್ದರು.

ಒಂದು ವರ್ಷ ಊರುಗೋಲಿನ ಮೇಲೆ ಬಂದಳು. ಪಂದ್ಯದಲ್ಲಿ ಬಿದ್ದು ಮೊಣಕಾಲೊಳಗಿನ ನರ ಹರಿದು, ಶಸ್ತ್ರಚಿಕಿತ್ಸೆಯಾಗಿತ್ತು. ಆಗ ಅವಳಿಗೆ ಇಪ್ಪತ್ತೆಂಟು.

"ಇನ್ನ ಸಾಕು ಮಾಡವ್ವಾ" ಎಂದರು ಅಪ್ಪ.

"ನಡುವ ಬಿದ್ದು ಬಂದೀನಪ್ಪಾ. ಒಂದ್ ಸಲ ಕೆಳಗಿನ ತನಕ ಇಳದು ಬರ್ತೀನಿ. ಆಮ್ಯಾಲ ನೀ ಹೇಳಿದಂಗ."

ಊರುಗೋಲು ಬಿಟ್ಟ ಮೇಲೆ ದಿನಾ ಬೆಳಗ್ಗೆ ಭಂಕೂರ ದಾರಿಯ ಹಳೆಯ ಕಲ್ಲುಗಣಿಗೆ ಹೋಗತೊಡಗಿದಳು. ಒಬ್ಬಳೇ ಹೋಗುವುದು ಬೇಡವೆಂದು ನಾನೂ ಹೋಗುತ್ತಿದ್ದೆ. ಗಣಿಯ ಹಂತಗಳನ್ನು ಇಳಿದು ಹತ್ತುವಳು. ಪೇರಿಸಿಟ್ಟ ಪರಸಿಕಲ್ಲಿನ ಚಪ್ಪಡಿಗಳ ಮೇಲೆ ಆಚೆಯಿಂದೀಚೆ ಜಿಗಿಯುವಳು. ಕೆಲವು ದಿನ ಮೊಣಕಾಲ ನೋವಿಗೆ ಅರ್ಧದಲ್ಲೇ ಕುಸಿದು ಕೂರುವಳು.

"ಭಾಳ ನೂಸಾಕತ್ತದೇನು?" ಎಂದು ಕೇಳುತ್ತಿದ್ದೆ.

"ನೂಸ್ಲಿ" ಎಂದು ಎದ್ದು ಮತ್ತೆ ಹತ್ತುತ್ತಿದ್ದಳು.

ಎರಡು ವರ್ಷ ಹೀಗೆ... ಆಮೇಲೆ ಒಂದು ಸಂಜೆ ನನ್ನ ಅಂಗಡಿಯಲ್ಲೇ ಅವಳ ಅಪ್ಪ, ನಾನು, ಓಣಿಯ ನಾಲ್ಕು ಜನ ಒಂದು ಮೊಬೈಲಿನ ಸುತ್ತ ನಿಂತು ಅವಳ ಪಂದ್ಯ ನೋಡಿದೆವು. ಹಿಮದಲ್ಲಿ ನೆಟ್ಟ ಕಂಬಗಳನ್ನು ಒಂದೂ ಬಿಡದಂತೆ ಸುತ್ತುತ್ತ ಇಳಿಯಬೇಕು. ಅರ್ಧ ಚೆನ್ನಾಗಿಯೇ ಇಳಿದಳು. ಅಲ್ಲೊಂದು ಕಂಬ ತಪ್ಪಿತು. ಜಾರಿ ಕೆಳಗೆ ಹೋಗಿ ನಿಂತಳು.

"ಮುಗೀತು" ಎಂದರು ಅಪ್ಪ.

ಮುಗಿದಿರಲಿಲ್ಲ. ಅವಳು ಅಡ್ಡಡ್ಡ ಹೆಜ್ಜೆಯಿಡುತ್ತ ತಪ್ಪಿದ ಕಂಬದ ಕಡೆ ಹತ್ತತೊಡಗಿದಳು. ಅದೆಷ್ಟು ಹೊತ್ತು! ಕಂಬ ಸುತ್ತಿ ಮತ್ತೆ ಇಳಿದು ಗೆರೆ ದಾಟಿದಳು. ಎಲ್ಲರಿಗಿಂತ ಕಡೆಯವಳಾಗಿ. ಅಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು.

ಮರುದಿನ ಫೋನಿನಲ್ಲಿ ಕೇಳಿದೆ, "ಕಡೀ ನಂಬರ್ ಸಲುವಾಗಿ ಅಷ್ಟು ಹತ್ತಿದೇನವ್ವಾ?"

"ಹತ್ತದಿದ್ರ ನಂಬರೇ ಇರ್ತಿದ್ದಿಲ್ಲಕ್ಕಾ. ಹೆಸರಿನ ಮುಂದ 'ಮುಗಿಸಲಿಲ್ಲ' ಅಂತ ಬರೀತಾರ. ಹಂಗ ಬರಿಸ್ಕೊಂಡು ಬರಾಕ ನನಗ ಮನಸಿದ್ದಿಲ್ಲ."

ಅದೇ ಅವಳ ಕೊನೆಯ ಪಂದ್ಯ. ಆಮೇಲೆ ಹಿಮಾಲಯದಲ್ಲೇ ಉಳಿದು, ಅಲ್ಲಿಯ ಹುಡುಗಿಯರಿಗೆ ಸ್ಕೀ ಕಲಿಸಿದಳು. ಪ್ರತಿ ಚಳಿಗಾಲವೂ ಫೋನು, "ಒಂದ್ ಸಲ ಬರ್ಫ ನೋಡಾಕ ಬಾರಕ್ಕಾ." ಅಂಗಡಿ ಬಿಟ್ಟು ಹೆಂಗ ಬರ್ಲಿ ಎನ್ನುತ್ತಿದ್ದೆ ನಾನು. ಹೋದ ವರ್ಷ ಕಾಯಿಲೆ ಬಿದ್ದು, ಒಂದೇ ತಿಂಗಳಲ್ಲಿ ತೀರಿಕೊಂಡಳು...

ಈಚೆಗೆ ಅವಳ ಶಿಷ್ಯೆಯೊಬ್ಬಳು ಫೋನು ಮಾಡಿದ್ದಳು. ಅವಳು ಕಲಿಸಿದ ಹುಡುಗಿಯರ ಪಂದ್ಯ ಜನವರಿಯಲ್ಲಂತೆ. ವಾಡಿಯಿಂದ ಟಿಕೆಟ್ ತೆಗೆಸಿದ್ದೇನೆ. ಉಣ್ಣೆಯ ಸ್ವೆಟರೊಂದನ್ನು ಕೊಂಡಿದ್ದೇನೆ. ಕರೆದವಳು ಅಲ್ಲಿ ಇರುವುದಿಲ್ಲ, ಗೊತ್ತು. ಇದ್ದಾಗಲೇ ಹೋಗಬೇಕಿತ್ತು. ಈಗಲಾದರೂ ಹೋಗುತ್ತೇನೆ.