ಕಾಕ ಕಲಿಸಿದ ಹನ್ನೆರಡು

ಕಾಕನ ಬಲಗೈಯ ಉಂಗುರದ ಬೆರಳು ಅರ್ಧಕ್ಕೇ ಮುಗಿದಿತ್ತು. ನಾವು ಕಿರುಬೆರಳಿನ ಗೆರೆಯಿಂದ ಲೆಕ್ಕ ಶುರುಮಾಡಿದರೆ ಅವರು ಹೆಬ್ಬೆರಳನ್ನೆತ್ತಿ ‘ಐನ್ಸ್’ ಎನ್ನುತ್ತಿದ್ದರು. ನಾಲ್ಕಕ್ಕೆ, ‘ಫೀರ್’ ಎನ್ನುವಾಗ, ಆ ಅರ್ಧ ಬೆರಳು ಏಳುತ್ತಿತ್ತು.

ಬಂಟ್ವಾಳದ ಕೆಳಗಿನ ಪೇಟೆಯಲ್ಲಿ ಅವರದು ಹಗ್ಗ, ಟಾರ್ಪಾಲುಗಳ ಅಂಗಡಿ. ಅದಕ್ಕೂ ಮೊದಲು ಹದಿನಾರು ವರ್ಷ ಜರ್ಮನ್ ಹಡಗಿನ ಎಂಜಿನ್ ಕೋಣೆಯಲ್ಲಿದ್ದವರು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೂಡುಬಿದಿರೆಯಲ್ಲಿ ನರ್ಸಿಂಗ್ ಮುಗಿಸಿ ಊರಿಗೆ ಬಂದಿದ್ದೆ. ಜರ್ಮನಿಯ ಆಸ್ಪತ್ರೆಯೊಂದರ ಸಂದರ್ಶನಕ್ಕೆ ನಾಡಿಬಡಿತವನ್ನು ಅವರ ಭಾಷೆಯಲ್ಲೇ ಎಣಿಸಲು ಬರಬೇಕಿತ್ತು.

“ಕಲಿಸ್ತೇನೆ. ವ್ಯಾಕರಣ ಮಾತ್ರ ಕೇಳ್ಬೇಡ ಮಾರಾಯ್ತಿ,” ಎಂದರು ಕಾಕ. “ನನ್ನ ಹತ್ತಿರ ಲೆಕ್ಕ ಉಂಟು, ಬೈಗುಳ ಉಂಟು. ಬೇರೆ ಎಂತದೂ ಇಲ್ಲ.”

ನಾನು ಹನ್ನೆರಡರಲ್ಲಿ ಸಿಕ್ಕಿಕೊಂಡೆ. ‘ತ್ಸ್ವೋಲ್ಫ್.’

“ಬಿಸಿ ಚಾ ಊದುವ ಹಾಗೆ ತುಟಿ ಮಾಡು. ಈಗ ನೀನು ಹೇಳಿದ್ದು ಬೆಕ್ಕು ಸೀನಿದ ಹಾಗಾಯ್ತು.”

ಲೆಕ್ಕದ ಜೊತೆಗೆ ಹಡಗಿನ ಒಂದು ನಿಯಮವನ್ನೂ ಕಲಿಸಿದರು. ಅಪಾಯದಲ್ಲಿ ಜನರನ್ನು ಕಣ್ಣಿನಿಂದ ಎಣಿಸಬಾರದು. ಸಾಲಿನಲ್ಲಿ ನಿಂತ ಪ್ರತಿಯೊಬ್ಬರೂ ತಮ್ಮ ಸಂಖ್ಯೆಯನ್ನು ತಾವೇ ಕೂಗಬೇಕು. “ಕಣ್ಣು ಸುಳ್ಳು ಹೇಳ್ತದೆ. ಬಾಯಿ ಇದ್ದರೆ ಮನುಷ್ಯ ಇದ್ದಾನೆ.”

ಆ ಮಳೆಗಾಲ ನೇತ್ರಾವತಿ ಕೆಳಗಿನ ಪೇಟೆಗೆ ನುಗ್ಗಿತು. ನದಿಯ ಬದಿಯ ಸಾಲುಮನೆಯಲ್ಲಿದ್ದವರು ಹನ್ನೆರಡು ಮಂದಿ. ಕಾಕ ಮತ್ತು ದೋಣಿಯವನು ಮೂರು ಸಲ ಹೋಗಿ ಬಂದು, ದೋಣಿ ಹತ್ತಿದವರನ್ನು ಎತ್ತರದ ಶಾಲೆಯ ಮೆಟ್ಟಿಲಿಗೆ ತಂದು ಬಿಟ್ಟರು. ಜಗಲಿಯಲ್ಲಿ ಎಣಿಸುವ ಕೆಲಸ ನನ್ನದು.

ನಾನು ಕಣ್ಣಿನಿಂದ ಎಣಿಸಿದೆ. ಗೋಡೆಯ ಬದಿಯಲ್ಲಿ ಒಂದು ಶಾಲು ಹಾಸಿತ್ತು. ಪಕ್ಕದಲ್ಲಿದ್ದ ಹೆಂಗಸು, “ಅದು ಬೀಡಿ ಕಟ್ಟುವ ಅಕ್ಕನ ಜಾಗ. ಶಾಲು ನನ್ನ ಕೈಲಿ ಕಳಿಸಿದ್ದಾರೆ. ಎಲೆಯ ಗೆರಸೆ ತೆಗೆದುಕೊಂಡು ಹಿಂದಿನಿಂದ ಬರ್ತಾರೆ,” ಎಂದಳು. ನಮ್ಮ ಬಸ್ಸುಗಳಲ್ಲಿ ಟವೆಲು ಹಾಕಿದ ಸೀಟಿನಲ್ಲಿ ಯಾರೂ ಕೂರುವುದಿಲ್ಲ. ಅಲ್ಲಿ ಆಗಲೇ ಒಬ್ಬರು ಇದ್ದ ಹಾಗೆಯೇ. ನಾನು ಆ ಶಾಲನ್ನೂ ಎಣಿಸಿದೆ.

“ಎಷ್ಟು?” ಎಂದು ಕಾಕ ದೋಣಿಯಿಂದ ಕೂಗಿದರು.

“ತ್ಸ್ವೋಲ್ಫ್!”

ಮೊದಲ ಸಲ ಅದು ಸರಿಯಾಗಿ ಬಂದಿತ್ತು. ನನಗೆ ಖುಷಿಯಾಯಿತು. ಅದನ್ನು ಮುಚ್ಚಿಡಬಾರದು. ಕಾಕ “ಶಾಬಾಷ್” ಎಂದು ನಕ್ಕು, ದೋಣಿಯನ್ನು ಇನ್ನೊಂದು ಕೇರಿಗೆ ತಿರುಗಿಸಿದರು.

ಸಂಜೆ ಚಾರ್ಮಾಡಿಯಿಂದ ಅಕ್ಕನ ಮಗ ಬಂದು, “ಅಮ್ಮ ಎಲ್ಲಿ?” ಎಂದು ಕೇಳಿದಾಗಲೇ ಶಾಲು ಇನ್ನೂ ಖಾಲಿ ಇರುವುದು ನಮಗೆ ಕಂಡದ್ದು. ಕತ್ತಲಲ್ಲಿ ದೋಣಿ ಹೋಗುವಂತಿರಲಿಲ್ಲ. ಮರುದಿನ ನೀರು ಇಳಿಯಿತು. ಅಕ್ಕ ಅಡುಗೆಮನೆಯ ಬಾಗಿಲ ಹಿಂದೆ ಸಿಕ್ಕರು. ಗೆರಸೆ ಅಟ್ಟದ ಮೇಲೆಯೇ ಇತ್ತು.

ಮೂರನೆಯ ದಿನ ಮಗ ಅಂಗಡಿಗೆ ಬಂದ. ನಾನು ಒಳಗೆ ಕೆಸರಾದ ಹಗ್ಗ ತೊಳೆಯುತ್ತಿದ್ದೆ.

“ಹನ್ನೆರಡು ಅಂತ ಹೇಳಿದ್ದು ಯಾರು ಕಾಕ?”

ಕಾಕ ನನ್ನ ಕಡೆ ತಿರುಗಲಿಲ್ಲ. “ನಾನು ಮಗಾ. ಎಣಿಸಿದ್ದು ನಾನು.”

“ದೊಡ್ಡ ಹಡಗಿನವರಂತೆ! ಹನ್ನೆರಡು ಎಣಿಸ್ಲಿಕ್ಕೆ ಬರುವುದಿಲ್ಲ ನಿಮಗೆ!”

ಅವನು ಹೋದ ಮೇಲೆ ನಾನು ಬಾಯಿ ತೆರೆದೆ. ಕಾಕ ತಡೆದರು. “ಅವರೇ ಕೂಗಿದರಾ ಅಂತ ನಾನು ಕೇಳ್ಬೇಕಿತ್ತು. ನಿನ್ನ ಉಚ್ಚಾರ ಕೇಳಿ ಖುಷಿಪಟ್ಟು ದೋಣಿ ತಿರುಗಿಸಿದವ ನಾನು. ನೀನು ಸಣ್ಣವಳು. ಸುಮ್ಮನಿರು.”

ನಾನು ಸುಮ್ಮನಿದ್ದೆ. ಊರು ಅವರನ್ನು ‘ಹನ್ನೆರಡು ಕಾಕ’ ಎಂದು ಕರೆಯತೊಡಗಿದಾಗಲೂ ಸುಮ್ಮನಿದ್ದೆ. ಸಂದರ್ಶನಕ್ಕೆ ಹೋಗಲಿಲ್ಲ; ಮೂಡುಬಿದಿರೆಯಲ್ಲೇ ಕೆಲಸಕ್ಕೆ ಸೇರಿದೆ.

ಕೆಲವು ವರ್ಷಗಳ ಮೇಲೆ ಅವರು ಗುರುವಾಯನಕೆರೆಯಲ್ಲಿ ಮಗಳ ಮನೆಯಲ್ಲಿ ಮಲಗಿದ್ದರು. ನಾಡಿ ನೋಡಲು ಕೈ ಹಿಡಿದೆ. “ಜರ್ಮನ್‌ನಲ್ಲಿ ಎಣಿಸು,” ಎಂದರು. ಗಟ್ಟಿಯಾಗಿ ಎಣಿಸಿದೆ. ‘ಎಲ್ಫ್’, ಹನ್ನೊಂದಕ್ಕೆ, ನನ್ನ ಸ್ವರ ನಿಂತುಹೋಯಿತು. ನಾಡಿ ಮುಂದಕ್ಕೆ ಬಡಿಯುತ್ತಿತ್ತು. ಅವರು ಕಣ್ಣು ಮುಚ್ಚಿಯೇ ಮುಂದಿನದನ್ನು ತಾವೇ ಹೇಳಿದರು.

ಆ ವಾರವೇ ತೀರಿಹೋದರು. ಅಕ್ಕನ ಮಗ ಬಂಟ್ವಾಳದಲ್ಲೇ ಇದ್ದಾನೆ. ಇದನ್ನು ಮೊದಲು ಅವನಿಗೆ ಓದಿ ಹೇಳಿ, ಆಮೇಲೆ ಅಚ್ಚಿಗೆ ಕೊಟ್ಟಿದ್ದೇನೆ. ಅಂದು ಎಣಿಸಿದ್ದು ನಾನು.